ದೊಡ್ಡವ್ವ ಅಳದೇ ಉಳಿಸಿದ್ದು

ಅಳುವುದಕ್ಕೆ ಕೂರುವ ಮುಂಚೆ ದೊಡ್ಡವ್ವ ತನ್ನ ಚಾಳೀಸು ಕನ್ನಡಕ ತೆಗೆದು, ಸೆರಗಿನ ತುದಿಗೆ ಗಂಟು ಹಾಕಿ, ಆ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಆಮೇಲೆ ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವಳು. ಕೊರಳಿನ ಎಡಭಾಗದಲ್ಲಿ ಒಂದು ನರ ಹುರಿ ಹಾಕಿದ ಹಗ್ಗದ ಹಾಗೆ ಉಬ್ಬಿ ಬರುತ್ತಿತ್ತು. ಆ ನರ ಕಂಡಿತೆಂದರೆ ಸುತ್ತ ಕುಳಿತ ಹೆಂಗಸರೆಲ್ಲ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದರು.

ನಮ್ಮ ಕಡೆ ಸತ್ತವರನ್ನು ಹಾಡಿಕೊಂಡು ಅಳುತ್ತಾರೆ. ಹೆಣಕ್ಕೆ ವಿಭೂತಿ ಹಚ್ಚಿ, ಹೂವು ಹಾಕಿ, ಗೋಡೆಗೆ ಆನಿಸಿ ಕೂರಿಸಿರುತ್ತಾರೆ. ಹೆಂಗಸರು ಅದರ ಮೊಣಕಾಲು ಹಿಡಿದು, ಮುಖ ನೋಡುತ್ತ, ಬದುಕಿದವರನ್ನು ಕೇಳಿದ ಹಾಗೆ ಒಂದೊಂದೇ ಮಾತು ಕೇಳುತ್ತ ಅಳುತ್ತಾರೆ. ಇದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಬೆಟಗೇರಿಯ ನಮ್ಮ ನೇಕಾರರ ಓಣಿಯಲ್ಲಿ ಅದು ಬರುತ್ತಿದ್ದದ್ದು ಎದುರುಮನೆ ದೊಡ್ಡವ್ವನಿಗೆ. ಶಿರಹಟ್ಟಿ, ಲಕ್ಷ್ಮೇಶ್ವರದ ಬೀಗರು ಕೂಡ ಸಾವಿನ ಸುದ್ದಿ ಕಳಿಸುವಾಗ ‘ದೊಡ್ಡವ್ವನ್ನ ಕರಕೊಂಡ ಬರ್ರಿ’ ಎಂದು ಸೇರಿಸಿಯೇ ಹೇಳುತ್ತಿದ್ದರು.

ನಾನು ಮುಂಡರಗಿ ಕಡೆಯವಳು. ಗದಗಿನ ದವಾಖಾನೆಯಲ್ಲಿ ನರ್ಸ್ ಕೆಲಸ ಸಿಕ್ಕಿ, ಆ ಓಣಿಯಲ್ಲಿ ಬಾಡಿಗೆ ಮನೆ ಹಿಡಿದೆ. ಅವಳು ನನಗೆ ರಕ್ತಸಂಬಂಧಿಯೇನಲ್ಲ. ಓಣಿಯೆಲ್ಲ ದೊಡ್ಡವ್ವ ಎನ್ನುತ್ತಿತ್ತು, ನಾನೂ ಅಂದೆ. ಅವಳು ನನ್ನನ್ನು ಕೊನೆಯವರೆಗೂ ನರ್ಸಬಾಯಿ ಎಂದೇ ಕರೆದಳು. ಸಾಯುವವರನ್ನು ನೋಡಿ ನೋಡಿ ನನಗೆ ಆಗಲೇ ಸಾಕುಸಾಕಾಗಿತ್ತು. ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಎದುರಿಗೆ ಈಕೆ ಇನ್ನಾವುದೋ ಸಾವಿಗೆ ಹೊರಟು ನಿಂತಿರುತ್ತಿದ್ದಳು. “ನಿಮಗ ಬ್ಯಾಸರ ಬರೂದಿಲ್ಲೇನ್ರಿ?” ಎಂದು ಒಮ್ಮೆ ಕೇಳಿದೆ. “ಬರ್ತೈತವ್ವ. ಆದ್ರ ಸುಮ್ಮನ ಹೊತ್ತೊಯ್ದ್ರ ಸತ್ತಾಂವಗ ಬ್ಯಾಸರ ಬರೂದಿಲ್ಲೇನು?” ಅಂದಳು.

ಅವಳ ಕೆಲಸಕ್ಕೆ ಒಂದು ಪದ್ಧತಿ ಇತ್ತು. ಸತ್ತ ಮನೆಗೆ ಹೋದವಳು ನೇರ ಹೆಣದ ಮುಂದೆ ಕೂರುತ್ತಿರಲಿಲ್ಲ. ಮೊದಲು ಅಡುಗೆಮನೆಗೆ ಹೋಗಿ, ಮನೆಯ ಹೆಣ್ಣುಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೇಳುವಳು: ಏನು ಉಣ್ಣುತ್ತಿದ್ದ, ಯಾವುದಕ್ಕೆ ಸಿಟ್ಟಾಗುತ್ತಿದ್ದ, ನಕ್ಕರೆ ಹೇಗೆ ನಗುತ್ತಿದ್ದ. ಹಾಗೆ ಕೇಳಿ ತಿಳಿದುಕೊಂಡದ್ದನ್ನು ಬಿಟ್ಟು ಬೇರೆ ಒಂದು ಮಾತೂ ಅವಳ ಅಳುವಿನಲ್ಲಿ ಬರುತ್ತಿರಲಿಲ್ಲ. ಓಣಿಯ ಕುಡುಕನೊಬ್ಬ ಸತ್ತಾಗ ಅವನ ಹೆಂಡತಿ ಮರದ ಕೊರಡಿನಂತೆ ಕೂತಿದ್ದಳು. ನೆರೆದವರು ‘ಧರ್ಮರಾಯನಂಥಾಂವ’ ಎಂದೆಲ್ಲ ಹೊಗಳುತ್ತಿದ್ದರು. ದೊಡ್ಡವ್ವ ಮೊಣಕಾಲು ಹಿಡಿದು, “ಕುಡದು ಬಂದು ಬಾಗಿಲ ಬಡೀತಿದ್ದೆಲ್ಲೋ ಎಪ್ಪಾ, ಇನ್ನ ಯಾರ ಬಡೀತಾರೋ! ಬೈಕೋಂತ ಎದ್ದು ಚಿಲಕಾ ತಗೀತಿದ್ಲಲ್ಲೋ, ಇನ್ನ ಯಾರನ್ನ ಬೈತಾಳೋ!” ಎಂದು ಎತ್ತಿದಳು ನೋಡಿ, ಆ ಹೆಂಡತಿ ಒಮ್ಮೆಲೇ ಬೋರಾಡಿ ಅತ್ತಳು.

ಅವಳು ಎಂದೂ ಮೀರದ ಎರಡು ಕಟ್ಟಳೆಗಳಿದ್ದವು. ಹೆಣ ಎದ್ದ ಮೇಲೆ ಹಾಡಿ ಅಳಬಾರದು. ಅತ್ತರೆ ಅದೇ ಮನೆಯಲ್ಲಿ ಇನ್ನೊಂದು ಹೆಣ ಕೂರುತ್ತದೆ. ಮತ್ತೊಂದು, ಒಬ್ಬರ ಹೆಣದ ಮುಂದೆ ಇನ್ನೊಬ್ಬರ ಹೆಸರು ಎತ್ತಬಾರದು. ಒಂದು ಮನೆಯಲ್ಲಿ ಸತ್ತ ಮುದುಕಿಯನ್ನು ಅಳುತ್ತ ಅಳುತ್ತ ಪಕ್ಕದ ಹೆಂಗಸು ತನ್ನ ಗಂಡನನ್ನು ನೆನೆಯತೊಡಗಿದಾಗ ದೊಡ್ಡವ್ವ ಅಲ್ಲೇ ಬೈದಿದ್ದಳು. “ಇದು ಆಕಿ ಹೆಣ ಐತಿ. ನಿನ್ನ ಗಂಡನ್ನ ತಂದು ಇಲ್ಲಿ ಕೂಡಸಬ್ಯಾಡ!”

ಹೀಗೆ ಊರಿಗೆಲ್ಲ ಅತ್ತವಳು ತನ್ನ ಮಗನಿಗೆ ಮಾತ್ರ ಅಳಲಿಲ್ಲ.

ಮಗ ಸೈನ್ಯದಲ್ಲಿದ್ದ. ಗಡಿಯಲ್ಲಿ ಯುದ್ಧ ಹತ್ತಿದ ವರ್ಷ ಅವನು ಪೆಟ್ಟಿಗೆಯಲ್ಲಿ ಮಲಗಿ ಬಂದ. ಬೆಟಗೇರಿಯ ಬೀದಿಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾವುಟ, ಬ್ಯಾಂಡು, ಘೋಷಣೆ, ಯಾವ್ಯಾವ ಊರಿನವರೋ. ಪೆಟ್ಟಿಗೆ ತೆರೆಯುವ ಹಾಗಿಲ್ಲ ಎಂದು ಜೊತೆಗೆ ಬಂದ ಅಧಿಕಾರಿ ಮೆಲ್ಲಗೆ ಹೇಳಿದ. ಅಂದರೆ ಕೂರಿಸುವ ಹಾಗಿಲ್ಲ, ಮೊಣಕಾಲು ಹಿಡಿಯುವ ಹಾಗಿಲ್ಲ, ಮುಖ ನೋಡುವ ಹಾಗೂ ಇಲ್ಲ. ಆದರೂ ದೊಡ್ಡವ್ವ ಪೆಟ್ಟಿಗೆಯ ಮುಂದೆ ಕುಳಿತು ಚಾಳೀಸು ತೆಗೆದಳು. ಕೊರಳಿನ ನರ ಉಬ್ಬಿತು. ಅಷ್ಟರಲ್ಲಿ ಮುಖಂಡನೊಬ್ಬ ಕೈಯಲ್ಲಿ ಮೈಕು ಹಿಡಿದೇ ಅವಳ ಹತ್ತಿರ ಬಗ್ಗಿದ. “ಅಳಬಾರದವ್ವಾ. ನೀ ವೀರಮಾತೆ. ನಿನ್ನ ಕಣ್ಣಾಗ ನೀರ ಬಂದ್ರ ಮಗನ ಬಲಿದಾನಕ್ಕ ಅವಮಾನ ಆಕ್ಕೈತಿ.” ಮಾತು ಓಣಿಗೆಲ್ಲ ಕೇಳಿಸಿತು. ಜನ ಚಪ್ಪಾಳೆ ಹೊಡೆದರು.

ದೊಡ್ಡವ್ವ ಆ ಮಾತನ್ನು ನಂಬಿದಳು. ಅವಳು ಮಾಡಿದ ತಪ್ಪೆಂದರೆ ಅದೊಂದೇ. ಅತ್ತರೆ ಮಗನಿಗೆ ಅವಮಾನವಾಗುತ್ತದೆ ಎಂದು ಖರೆನೇ ತಿಳಿದು ಬಾಯಿ ಮುಚ್ಚಿಕೊಂಡಳು. ಪೆಟ್ಟಿಗೆ ಎದ್ದಿತು, ಗುಂಡು ಹಾರಿಸಿದರು, ಎಲ್ಲ ಮುಗಿಯಿತು. ಹೆಣ ಎದ್ದ ಮೇಲೆ ಹಾಡಿ ಅಳಬಾರದು ಎಂಬುದು ಅವಳದೇ ಕಟ್ಟಳೆ. ಆ ಮನೆಯಲ್ಲಿ ಇನ್ನೂ ಮಗಳೊಬ್ಬಳು ಉಳಿದಿದ್ದಳು, ಹೇಗೆ ಅತ್ತಾಳು?

ಅಂದಿನಿಂದ ಅವಳು ಸಾವಿನ ಮನೆಗಳಿಗೆ ಹೋಗುವುದನ್ನೇ ಬಿಟ್ಟಳು. ಕರೆಯಲು ಬಂದವರಿಗೆ “ಗಂಟಲಾಗ ಏನೋ ಸಿಕ್ಕೊಂಡೈತ್ರಿ” ಅನ್ನುತ್ತಿದ್ದಳು. ನಾನು ನರ್ಸ್ ಅಲ್ಲವೇ, ಅದನ್ನು ಗಂಟಲಿನ ಬೇನೆಯೆಂದೇ ತಿಳಿದೆ. ಉಪ್ಪು ನೀರು ಮುಕ್ಕಳಿಸಲು ಹೇಳಿದೆ. ನಮ್ಮ ದವಾಖಾನೆಯ ಡಾಕ್ಟರಿಗೂ ತೋರಿಸಿದೆ. ಅವರು ಬ್ಯಾಟರಿ ಹಾಕಿ ನೋಡಿ ಏನೂ ಇಲ್ಲ ಎಂದರು. ದಾರಿಯಲ್ಲಿ ಬರುವಾಗ ಅವಳು, “ಡಾಕ್ಟರಗ ಕಾಣೂದಿಲ್ಲವ್ವ ಅದು. ಅಳಾಕ ಹೆಣ ಬೇಕು. ನನ್ನ ಹುಡುಗನ ಹೆಣ ಹೋತು, ಅಳು ಒಳಗ ಉಳೀತು” ಅಂದಳು. ಸಂತೆಯಲ್ಲಿ ಬದನೆಕಾಯಿ ಕೊಂಡು ಇಬ್ಬರೂ ಮನೆಗೆ ಬಂದೆವು.

ಅವಳು ಬರೀ ಕೊರಗುತ್ತ ಕೂತಿದ್ದಳು ಎಂದರೆ ಸುಳ್ಳಾಗುತ್ತದೆ. ಓಣಿಯ ತುದಿಯಲ್ಲಿ ಮಗನ ಮೂರ್ತಿ ನಿಲ್ಲಿಸಿದರು. ಪರದೆ ಸರಿಸಿದಾಗ ನೋಡಿದರೆ ಮೂರ್ತಿಗೆ ಈಟುದ್ದ ಮೀಸೆ! ಆ ಹುಡುಗ ಎಂದೂ ಮೀಸೆ ಬಿಟ್ಟವನಲ್ಲ. ದೊಡ್ಡವ್ವ ಕಮಿಟಿಯವರ ಹತ್ತಿರ ಹೋಗಿ, “ಮೀಸಿ ತಗೀರಿ” ಎಂದಳು. “ಮೀಸಿ ಇಲ್ಲದ ಸೈನಿಕ ಹೆಂಗ ಕಾಣ್ತಾನಬೇ?” ಎಂದು ಅವರು ನಕ್ಕರು. “ನೀವು ಸೈನಿಕನ್ನ ಮಾಡೀರಿ. ನಾ ಮಗನ್ನ ಹಡದೀನಿ” ಎಂದವಳೇ ಮರುದಿನದಿಂದ ಜೋಳದ ಮೊರ ಹಿಡಿದುಕೊಂಡು ಹೋಗಿ ಮೂರ್ತಿಯ ಕಟ್ಟೆಯ ಮೇಲೆ ಕೂತಳು. ಹೋಗಿ ಬರುವವರನ್ನೆಲ್ಲ ನಿಲ್ಲಿಸಿ, “ಇಂವ ಯಾರ್ರಿ? ನಿಮಗ ಗುರುತ ಐತೇನು?” ಎಂದು ಕೇಳುವಳು. ಕಮಿಟಿಯವರಿಗೆ ತಲೆ ಚಿಟ್ಟು ಹಿಡಿದು, ಕೊನೆಗೆ ಗೌಂಡಿಯನ್ನು ಕರೆಸಿ ಮೀಸೆ ಕೆತ್ತಿ ತೆಗೆಸಿದರು. ಮೂಗಿನ ಕೆಳಗೆ ಬಿಳಿ ಮಚ್ಚೆಯೊಂದು ಉಳಿಯಿತು. “ಈಗ ನೋಡ, ಮಜ್ಜಿಗಿ ಕುಡದು ಬಾಯಿ ಒರಸದ ನಿಂತಂಗ ಕಾಣ್ತಾನ” ಎಂದು ಅವಳು ನಕ್ಕಳು. ಮಗ ಹೋದ ಮೇಲೆ ಅವಳು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಕೆಲವು ವರ್ಷಗಳಾದ ಮೇಲೆ ಹಿರೇಹಂದಿಗೋಳದಲ್ಲಿ ಅವಳ ಸೋದರಮಾವ ತೀರಿಕೊಂಡ. ಹಣ್ಣು ಹಣ್ಣು ಮುದುಕ, ಮೊಮ್ಮಕ್ಕಳ ಮಕ್ಕಳನ್ನು ಎತ್ತಿ ಆಡಿಸಿದವನು. ಅದಕ್ಕೆ ಹೋಗದೇ ಇರುವ ಹಾಗಿರಲಿಲ್ಲ. ಅವಳ ಮಗಳು ಆಗ ಬಾಣಂತಿ, ಹಾಗಾಗಿ ಜೊತೆಗೆ ನಾನು ಹೋದೆ. ಮುದುಕನಿಗೆ ರುಮಾಲು ಸುತ್ತಿ ಕೂರಿಸಿದ್ದರು, ಭಜನೆ ನಡೆದಿತ್ತು. ದೊಡ್ಡವ್ವ ಮೊಣಕಾಲು ಹಿಡಿದು ಮಾವನನ್ನು ಅಳತೊಡಗಿದಳು. ಎಷ್ಟೋ ವರ್ಷಗಳ ಮೇಲೆ ಆ ದನಿ ಕೇಳಿದೆ. ಬಂಡಿಯಲ್ಲಿ ಕೂರಿಸಿಕೊಂಡು ಹೊಲಕ್ಕೆ ಒಯ್ದದ್ದು, ಎಳೆಜೋಳದ ಸೀತನಿ ಸುಟ್ಟುಕೊಟ್ಟದ್ದು ಎಲ್ಲ ಬಂತು. ಆಮೇಲೆ ದನಿ ಸ್ವಲ್ಪ ಇಳಿಯಿತು.

“ಮಾವಾ, ನೀ ಹೊಂಟ ಊರಾಗ ನನ್ನ ಹುಡುಗ ಅದಾನೋ ಮಾವಾ. ನಡುರಾತ್ರಿ ಎದ್ದು ನೀರ ಕೇಳ್ತಾನ, ತಂಬಗಿ ತಲಿದೆಸಿಗೆ ಇಡೋ ಮಾವಾ. ನಾ ಅಳಲಿಲ್ಲಂತ ಸಿಟ್ಟಾಗ್ಯಾನೇನು ಕೇಳೋ ಮಾವಾ. ಅಳಬ್ಯಾಡ ಅಂತ ಮಂದಿ ಅಂದ್ರು, ಅವ್ವ ಅಂದಿಲ್ಲಂತ ಹೇಳೋ...”

ಭಜನೆ ನಿಂತಿತು. ಮುದುಕನ ಹಿರಿಯ ಮಗಳು ಮುಂದೆ ಬಂದು ದೊಡ್ಡವ್ವನ ಭುಜ ಹಿಡಿದಳು. “ಅಕ್ಕಾ, ಸಾಕು. ಇದು ನಮ್ಮಪ್ಪನ ಹೆಣ. ಅವಂದು ಅವಗ ಸಲ್ಲಲಿ” ಅಂದಳು. ಗಟ್ಟಿಯಾಗಿ ಹೇಳಲಿಲ್ಲ, ಸಿಟ್ಟಿನಿಂದಲೂ ಹೇಳಲಿಲ್ಲ. ದೊಡ್ಡವ್ವ ಬಾಯಿ ಮುಚ್ಚಿದಳು. ತಾಳದವರು ಭಜನೆಯನ್ನು ಮೊದಲಿಗಿಂತ ಜೋರಾಗಿ ಎತ್ತಿದರು.

ಬಸ್ಸಿನಲ್ಲಿ ನನಗೆ ಸಿಟ್ಟು ತಡೆಯಲಾಗಲಿಲ್ಲ. ಒಬ್ಬ ತಾಯಿ ನಾಲ್ಕು ಮಾತು ಅತ್ತರೆ ಇವರ ಗಂಟೇನು ಹೋಗುತ್ತಿತ್ತು ಎಂದೆ. “ಆಕಿದೇನು ತಪ್ಪಿಲ್ಲ. ನಾನ ಆಗಿದ್ರ ಇನ್ನೂ ಬೈತಿದ್ದೆ” ಎಂದು ದೊಡ್ಡವ್ವ ಕಿಟಕಿಯ ಹೊರಗೆ ನೋಡಿದಳು. ಎರೆಹೊಲಗಳು ಹಿಂದೆ ಸರಿಯುತ್ತಿದ್ದವು. ಗದಗು ಹತ್ತಿರ ಬಂದಾಗ ಅವಳು ನನ್ನ ಕೈ ಹಿಡಿದುಕೊಂಡಳು.

“ನರ್ಸಬಾಯಿ, ನಂದ ಹೆಣ ಕೂಡಿಸಿದಾಗ ಯಾರ ಬ್ಯಾಡಂತಾರ?”

“ಏನ್ ಮಾತ್ರಿ ಅವು, ದೊಡ್ಡವ್ವಾ!”

“ಕೇಳ. ಅವತ್ತ ನನ್ನ ಅಳಬ್ಯಾಡ. ನನ್ನ ಮುಂದ ಕುಂತು ನನ್ನ ಹುಡುಗನ್ನ ಅಳು. ನನ್ನ ಹೆಣದ ಮ್ಯಾಲ ನನ್ನ ಅಧಿಕಾರ ಇರ್ತೈತಿ.”

ಮಗಳಿಗೆ ಹೇಳಬಾರದೇ ಎಂದೆ. “ಅವ್ವನ್ನ ಬಿಟ್ಟು ಅಣ್ಣನ್ನ ಅಳು ಅಂತ ಆಕಿಗೆ ಯಾವ ಬಾಯಿಲೆ ಹೇಳಲಿ?” ಎಂದಳು. ನಾನು ಹೂಂ ಅಂದೆ. ದಣಿದಿದ್ದೆ, ಮಾತು ಅಲ್ಲಿಗೆ ಮುಗಿಯಲಿ ಎಂದು ಹೂಂ ಅಂದದ್ದು. ಅವಳು ಮುಗಿಯಲು ಬಿಡಲಿಲ್ಲ. ಮಧ್ಯಾಹ್ನ ನಮ್ಮ ಕಟ್ಟೆಗೆ ಬಂದು ಮೆಣಸಿನಕಾಯಿ ತೊಟ್ಟು ಮುರಿಯುತ್ತ ಹುಡುಗನ ಸಂಗತಿಗಳನ್ನು ಒಂದೊಂದಾಗಿ ಹೇಳುವಳು. ಮರುದಿನ “ನಿನ್ನಿ ಏನ್ ಹೇಳಿದೆ? ಹೇಳ ನೋಡೂಣು” ಎಂದು ಒಪ್ಪಿಸಿಕೊಳ್ಳುವಳು. ನನ್ನ ದನಿ ಕೇಳಿ ಒಮ್ಮೆ ಕಿವಿ ಮುಚ್ಚಿಕೊಂಡಿದ್ದಳು. “ಹರಕ ಡೊಳ್ಳ ಆಗೇತಿ ನಿನ್ನ ಗಂಟಲ. ಇರ್ಲಿ, ನೀ ಸುಳ್ಳ ಸೇರಸೂದಿಲ್ಲ. ಅಷ್ಟಾದ್ರ ಸಾಕು.”

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ದೊಡ್ಡವ್ವ ತೀರಿಕೊಂಡಳು. ನನಗೆ ಆಗಲೇ ನಿವೃತ್ತಿಯಾಗಿ, ಮೊಣಕಾಲು ನೋವು ಹಿಡಿದು, ನೆಲಕ್ಕೆ ಕೂತರೆ ಏಳಲು ಯಾರಾದರೂ ಕೈ ಕೊಡಬೇಕಿತ್ತು. ಪಡಸಾಲೆಯಲ್ಲಿ ಅವಳನ್ನು ಕೂರಿಸಿದ್ದರು. ಹಾಡಿ ಅಳುವವರು ಓಣಿಯಲ್ಲಿ ಯಾರೂ ಉಳಿದಿರಲಿಲ್ಲ. ಯಾರೋ ಮೊಬೈಲಿನಲ್ಲಿ ಭಜನೆ ಹಚ್ಚಿದ್ದರು. ನಾನು ಅದನ್ನು ಬಂದ್ ಮಾಡಿಸಿ, ಅವಳ ಮುಂದೆ ಕುಳಿತು, ಮೊಣಕಾಲು ಹಿಡಿದೆ. ನಾಚಿಕೆಯಾಗುತ್ತಿತ್ತು, ಭಯವೂ ಆಗುತ್ತಿತ್ತು. ದೇವರೇ, ಬಾಯಿ ತೆರೆಸು ಎಂದುಕೊಂಡು ಆ ಹುಡುಗನ ಹೆಸರು ಹಿಡಿದು ಕರೆದೆ.

ಹೆಂಗಸರು ಮುಖ ಮುಖ ನೋಡಿಕೊಂಡರು. ನಾನು ನಿಲ್ಲಿಸಲಿಲ್ಲ. ಆಗ ಮಗಳು ನನ್ನ ರಟ್ಟೆ ಹಿಡಿದಳು.

“ಇವತ್ತೂ ಅಂವನ ಏನ್ರಿ, ನರ್ಸಬಾಯಿ? ಇಷ್ಟ ವರ್ಷ ಈ ಮನ್ಯಾಗ ಬರೇ ಅಂವನ ಇದ್ದ. ಇವತ್ತರ ನಮ್ಮವ್ವನ್ನ ಅಳ್ರಿ!”

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. “ನಿಮ್ಮವ್ವ ಹೇಳಿ ಹೋಗ್ಯಾಳ ತಂಗಿ. ಅವತ್ತ ಅಳಲಿಲ್ಲಲ್ಲ, ಇದು ಆಕಿದ ಅಳು” ಎಂದೆ. ಅವಳು ಕೈ ಬಿಟ್ಟು ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ನಾನು ನನ್ನ ಒಡಕು ದನಿಯಲ್ಲೇ ಮುಂದುವರಿದೆ. ಮಗ್ಗದ ಗುಂಡಿಯಲ್ಲಿ ಬಿದ್ದು ಅತ್ತದ್ದು, ಬಿಂಕದಕಟ್ಟಿಯ ಮೃಗಾಲಯದಲ್ಲಿ ಹುಲಿ ನೋಡಿ ಉಣ್ಣುವುದು ಬಿಟ್ಟದ್ದು, ರಜೆಗೆ ಬಂದಾಗ ಚೀಲ ಇಳಿಸುವ ಮುಂಚೆಯೇ ‘ಅವ್ವಾ, ರೊಟ್ಟಿ’ ಎಂದದ್ದು. ದನಿ ಸೋಲುತ್ತಿತ್ತು, ಮಾತು ಮರೆಯುತ್ತಿತ್ತು.

“ಸಾಲಿ ಬಿಟ್ಟ ಬರುವಾಗ ಕಿಸೇದಾಗ ಪ್ಯಾರಲ ಹಣ್ಣ ತರ್ತಿದ್ದೆಲ್ಲೋ ತಮ್ಮಾ, ತಂಗಿಗಂತ ಮುಚ್ಚಿಟ್ಟು...”

“ಪ್ಯಾರಲ ಅಲ್ರಿ” ಎಂದಳು ಮಗಳು, ಗೋಡೆಯ ಕಡೆಯಿಂದಲೇ.

ನಾನು ನಿಲ್ಲಿಸಿದೆ.

“ಬಾರಿಹಣ್ಣು. ಬಾರಿಹಣ್ಣು ತರ್ತಿದ್ದ, ನನಗಂತ. ಉಪ್ಪು ಖಾರಾ ಹಚ್ಚಿ...” ಅಷ್ಟಕ್ಕೇ ಅವಳ ದನಿ ಒಡೆದು ಹೋಯಿತು. ತೆವಳುತ್ತ ಬಂದು ಅವ್ವನ ಇನ್ನೊಂದು ಮೊಣಕಾಲು ಹಿಡಿದಳು. ಅವಳಿಗೆ ಯಾರೂ ಕಲಿಸಿರಲಿಲ್ಲ. ಆದರೂ ಮುಂದಿನದನ್ನೆಲ್ಲ ಅವಳೇ ಅತ್ತಳು, ಮೊದಲು ಅಣ್ಣನನ್ನು, ಆಮೇಲೆ ಅವ್ವನನ್ನು.