ಟಾರ್ಚು ಹಿಡಿಯುವವಳು ನಾನು

ನಮ್ಮ ಬೇಸ್‌ಮೆಂಟಿನಲ್ಲಿ ಎರಡು ಸ್ಟೂಲುಗಳಿವೆ. ಒಂದು ನಮ್ಮ ಮನೆಯವರದು, ಇನ್ನೊಂದು ನನ್ನದು. ನನ್ನ ಸ್ಟೂಲಿನ ಮೇಲೆ ಇನ್ನೊಬ್ಬಳು ಕೂತದ್ದನ್ನು ಕಂಡ ದಿನ ನನಗೆ ಆದದ್ದು ಶುದ್ಧ ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಮರ್ಯಾದೆಯ ಹೆಸರು ಇಡುವ ಆಸೆ ನನಗಿಲ್ಲ.

ಇವರಿಗೆ ಗುರಿ ಹೊಡೆಯುವ ಹುಚ್ಚು. ಬೇಟೆಯಲ್ಲ. ಸಿಂಕಿನಲ್ಲಿ ಬಿದ್ದ ಜಿರಲೆಯನ್ನೂ ಕಾಗದದಲ್ಲಿ ಎತ್ತಿ ಹೊರಗೆ ಬಿಡುವ ಮನುಷ್ಯ. ಸಿಟ್ಟೆಲ್ಲ ಹಾಳೆಯ ಮೇಲಿನ ಕಪ್ಪು ಚುಕ್ಕೆಯ ಮೇಲೆ. ಇವರದು ಬೋಲ್ಟ್ ಎಳೆದು ಹೊಡೆಯುವ ಸಣ್ಣ ಬಂದೂಕು. ಅದರ ತೋಟಾ ನನ್ನ ಕಿರುಬೆರಳಿನಷ್ಟೇ ಉದ್ದ. ಹೊಡೆದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಕೇಸುಗಳನ್ನು ಇವರು ಎಸೆಯುವುದಿಲ್ಲ. ಆಯ್ದು ತಂದು, ತೊಳೆದು, ಅಚ್ಚಿನಲ್ಲಿ ಒತ್ತಿ, ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಪ್ರೈಮರ್ ಕೂರಿಸಿ, ಮದ್ದಿನ ಪುಡಿ ತೂಗಿ ಹಾಕಿ, ಬಾಯಿಗೆ ಹೊಸ ಗುಂಡು ಒತ್ತಿ ಮತ್ತೆ ತೋಟಾ ಮಾಡುತ್ತಾರೆ. ಅಂಗಡಿಯಲ್ಲಿ ಸಿದ್ಧ ತೋಟಾ ಸಿಗುವುದಿಲ್ಲವೇ ಎಂದು ಮೊದಲು ಕೇಳಿದ್ದೆ.

"ಅಂಗಡ್ಯಾಗಿನ ತೋಟಾ ಅಂದ್ರ ಹೋಟೆಲ್ ಊಟ ಇದ್ದಂಗ," ಅಂದರು. "ಎಲ್ಲಾರಿಗೂ ಒಂದ ರುಚಿ. ನನ್ನ ಬಂದೂಕಿನ ನಾಲಿಗಿಗೆ ಹತ್ತೂದಿಲ್ಲ."

ನನ್ನ ಅಡಿಗೆಯ ಬಗ್ಗೆ ಇಷ್ಟು ಚೆಂದದ ಮಾತು ಇವರ ಬಾಯಿಂದ ಎಂದೂ ಬಂದಿರಲಿಲ್ಲ. ನಾನು ಆ ಬಂದೂಕನ್ನು ಸವತಿ ಎಂದೇ ಕರೆಯುತ್ತಿದ್ದೆ. ಶನಿವಾರ ಬೆಳಿಗ್ಗೆ ಉಪ್ಪಿಟ್ಟು ತಿಂದು ಕೈ ತೊಳೆದು ಕೆಳಗಿಳಿದರೆ ಮಧ್ಯಾಹ್ನದ ಊಟಕ್ಕೇ ಮೇಲೆ ಬರುವುದು. ಸವತಿಯ ಮೇಲೆ ಒಂದು ಕಣ್ಣಿರಲಿ ಎಂದು ಒಂದು ಶನಿವಾರ ನಾನೂ ಇಳಿದೆ. ಸುಮ್ಮನೆ ಕೂತವಳ ಕೈಗೆ ಇವರು ಒಂದು ಟಾರ್ಚು ಕೊಟ್ಟರು.

ಪಡ್ಡಿನ ಹಂಚಿನ ಹಾಗೆ ಸಾಲಾಗಿ ಗುಳಿಗಳಿರುವ ಒಂದು ಮರದ ಹಲಗೆ ಇದೆ. ಪುಡಿ ಹಾಕಿದ ಕೇಸುಗಳನ್ನು ಅದರಲ್ಲಿ ನಿಲ್ಲಿಸುತ್ತಾರೆ. ಗುಂಡು ಕೂರಿಸುವ ಮೊದಲು ಒಂದೊಂದರ ಬಾಯಿಗೂ ಟಾರ್ಚು ಬಿಟ್ಟು ಪುಡಿ ಒಂದೇ ಮಟ್ಟದಲ್ಲಿ ಇದೆಯೇ ಎಂದು ನೋಡಬೇಕು. ಹೆಚ್ಚಾದರೂ ಅಪಾಯ, ಕಡಿಮೆಯಾದರೂ ಅಪಾಯ. ಒಂದರಲ್ಲಿ ಪುಡಿಯೇ ಇಲ್ಲದಿದ್ದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು. ಗೊತ್ತಿಲ್ಲದೆ ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಸಿಡಿಯುತ್ತದೆ. ಸಿಡಿಯುವುದು ಎಲ್ಲಿ? ಇವರ ಕೆನ್ನೆಯ ಪಕ್ಕದಲ್ಲಿ.

"ಪುಡಿ ಹಾಕಿದಾಂವನ ಕಣ್ಣಿಗೆ ತನ್ನ ತಪ್ಪು ಕಾಣೂದಿಲ್ಲ," ಅಂದಿದ್ದರು ಇವರು. "ನೀ ನೋಡಿ 'ಆತು' ಅನ್ನು. ನೀ ಅನ್ನೂತನಕ ನಾ ಗುಂಡು ಕೂಡಸೂದಿಲ್ಲ."

ಅಂದಿನಿಂದ ಅದು ನನ್ನ ಕೆಲಸ. ಪುಡಿ ತೂಗುವಾಗ ಮಾತಾಡುವಂತಿಲ್ಲ, ಫೋನು ಮುಟ್ಟುವಂತಿಲ್ಲ. ಇವರು ಹಲಗೆಯನ್ನು ನನ್ನ ಕಡೆ ಸರಿಸುತ್ತಾರೆ, ನಾನು ನೋಡುತ್ತೇನೆ, "ಆತು" ಅನ್ನುತ್ತೇನೆ. ಮನೆಯಲ್ಲಿ ನನ್ನ ಇನ್ಯಾವ ಮಾತಿಗೂ ಅಷ್ಟು ತೂಕ ಇಲ್ಲ. ಕೇಸು ತೊಳೆಯುವುದೂ ನನ್ನದೇ: ಹಳೆಯ ಡಬ್ಬಿ, ಬಿಸಿನೀರು, ಸೋಪು. ಸವತಿಯ ಜೊತೆ ಒಂದು ಥರ ಒಪ್ಪಂದವಾಗಿತ್ತು.

ಅಷ್ಟರಲ್ಲಿ ಬಂದಳು ಮೈಸೂರಿನವಳು. ನಾರ್ತ್ ಯಾರ್ಕಿನ ಕಾಂಡೋದಲ್ಲಿ, ಅಂದರೆ ಎತ್ತರದ ಕಟ್ಟಡದ ಫ್ಲಾಟಿನಲ್ಲಿ, ಇರುವವಳು, ಸಾಫ್ಟ್‌ವೇರ್ ಕೆಲಸ, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವಳು. ಇವರ ಕ್ಲಬ್ಬಿಗೇ ಸೇರಿದ್ದಳು, ಲೈಸೆನ್ಸು ಇತ್ತು, ಬಂದೂಕೂ ಅದೇ ಅಳತೆಯದು. ಕಾಂಡೋದಲ್ಲಿ ಈ ಕೆಲಸ ಮಾಡಲು ಜಾಗ ಇಲ್ಲ, ಕಲಿಸಿಕೊಡುತ್ತೀರಾ ಎಂದು ಕೇಳಿದಳು. ಇವರು ನನ್ನನ್ನು ಒಂದು ಮಾತು ಕೇಳದೆ "ಬರ್ರಿ, ಶನಿವಾರ ಬರ್ರಿ" ಅಂದುಬಿಟ್ಟರು.

ಬಾಗಿಲು ತೆಗೆದರೆ, "ನಮಸ್ತೆ ಆಂಟಿ, ಸರ್ ಇದಾರಾ?"

ನೋಡಿ ಹೇಗಿದೆ! ನಾನು ಆಂಟಿ, ಇವರು ಸರ್. ಇವರು ನನಗಿಂತ ಆರು ವರ್ಷ ದೊಡ್ಡವರು, ತಲೆಯ ಮೇಲೆ ಎಣಿಸುವಷ್ಟು ಕೂದಲು. ನಾನು ನಗುನಗುತ್ತಲೇ ಒಳಗೆ ಕರೆದೆ. ಒಗ್ಗರಣೆ ಅವಲಕ್ಕಿಯನ್ನೂ ಕೊಟ್ಟೆ. ಖಾರ ಮಾತ್ರ ಧಾರವಾಡದ ಅಳತೆಯಲ್ಲಿ ಹಾಕಿದ್ದೆ. ಹಾಳಾದವಳು ಇನ್ನೊಂದು ಸಲ ಹಾಕಿಸಿಕೊಂಡು ತಿಂದಳು.

ಇವರು ಮಾತಿನ ಮನುಷ್ಯ ಅಲ್ಲ. ಆಫೀಸಿನಿಂದ ಬಂದರೆ "ಚಹಾ", "ಊಟ", "ಗಾಡಿ ಕೀಲಿ ಎಲ್ಲೆ", ಇಷ್ಟರಲ್ಲೇ ವಾರ ಮುಗಿಯುತ್ತದೆ. ಅವಳ ಮುಂದೆ ಇವರ ಬಾಯಿ ಹೇಗೆ ಬಿಚ್ಚಿತೋ! ಕೇಸಿನ ಕುತ್ತಿಗೆ, ಗುಂಡು ಕೂಡುವ ಆಳ, ಚಳಿಯಲ್ಲಿ ಪುಡಿ ಹೇಗೆ ಉರಿಯುತ್ತದೆ, ಎಲ್ಲ ಪ್ರವಚನ. ಅವಳು "ಓ, ಹಾಗಾ ಸರ್?", "ಹೌದಾ ಸರ್?" ಅನ್ನುತ್ತ ನನ್ನ ಸ್ಟೂಲಿನ ಮೇಲೆ ಕೂತಿದ್ದಳು. ನಾನು ವಾಷಿಂಗ್ ಮಷಿನ್ನಿಗೆ ಒರಗಿ ನಿಂತಿದ್ದೆ. ಟಾರ್ಚು ಇನ್ನೂ ನನ್ನ ಕೈಯಲ್ಲೇ ಇತ್ತು, ಅಷ್ಟು ಸಮಾಧಾನ.

ಇಲ್ಲಿನ ಬೇಸಿಗೆಯ ಕೊನೆಗೆ, ಆಗಸ್ಟಿನಲ್ಲಿ, ಅವಳು ಒಂದು ಮಷಿನ್ ತಂದಳು. ಕೇಸು, ನೀರು, ಸೋಪು, ಸೂಜಿಯಂಥ ಸ್ಟೀಲ್ ತುಂಡುಗಳನ್ನು ಹಾಕಿ ತಿರುಗಿಸಿದರೆ ಒಳಗೂ ಹೊರಗೂ ಕನ್ನಡಿಯಂತೆ ಹೊಳೆಯುತ್ತವೆ. "ಗುರುದಕ್ಷಿಣೆ ಸರ್," ಅಂದಳು. ಇವರು ಒಂದು ಕೇಸನ್ನು ಬೆಳಕಿಗೆ ಹಿಡಿದು, "ಇಷ್ಟು ಸ್ವಚ್ಛ ನಮ್ಮ ಮನ್ಯಾಗ ಎಂದೂ ಆಗಿದ್ದಿಲ್ಲ ನೋಡ್ರಿ," ಅಂದರು. ನನ್ನೆದುರಿಗೇ ಅಂದರು. ಇಷ್ಟು ವರ್ಷ ತೊಳೆದವಳು ಯಾರು, ಪಕ್ಕದ ಮನೆಯವಳೇ?

ಒಟ್ಟಾವಾದಲ್ಲಿ ಓದುವ ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿಕೊಂಡೆ. ಎಲ್ಲ ಕೇಳಿಸಿಕೊಂಡು, "ಅಮ್ಮಾ, ಆರ್ ಯು ಜೆಲಸ್ ಆಫ್ ಎ ಮಷಿನ್?" ಅಂದಳು.

"ಮಷಿನ್ ತಂದಾಕಿ ಮ್ಯಾಲೆ," ಅಂದೆ. ನಕ್ಕಳು, ಇಟ್ಟಳು.

ಸೆಪ್ಟೆಂಬರಿನ ಒಂದು ಭಾನುವಾರ ಕ್ಲಬ್ಬಿನ ಪಂದ್ಯ ಇತ್ತು. ಅದಕ್ಕೆಂದೇ ಇವರು ಒಂದು ಡಬ್ಬಿ ಕೇಸುಗಳನ್ನು ಜೋಪಾನ ಮಾಡಿಕೊಂಡು ಬಂದಿದ್ದರು. ಇವರ ಬಂದೂಕಿನಲ್ಲೇ ಹಲವು ಸಲ ಹೊಡೆದು, ಅದರ ಹೊಟ್ಟೆಗೆ ಸರಿಯಾಗಿ ಹೊಂದಿಕೊಂಡಿದ್ದ ಕೇಸುಗಳು. ಶುಕ್ರವಾರ ಬೆಳಿಗ್ಗೆ ಆಫೀಸಿಗೆ ಹೊರಟಾಗ, "ಅಕಿ ನಾಳೆ ಬಂದ ಮ್ಯಾಲೆ ಇವನ್ನ ಮಷಿನ್‌ನ್ಯಾಗ ಹಾಕೂಣು," ಅಂದರು.

ಅಕಿ ಬರಬೇಕಂತೆ! ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹಿತ್ತಾಳೆ ಬೆಳಗುವುದನ್ನು ನನಗೆ ಮೈಸೂರಿನವಳು ಕಲಿಸಬೇಕೇ? ನಮ್ಮ ಅಜ್ಜಿ ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಉಪ್ಪು ಹಚ್ಚಿ ತಿಕ್ಕಿದರೆ ಹಂಡೆ, ದೀಪದ ಸಮೆ, ಆರತಿ ತಟ್ಟೆ ಎಲ್ಲ ಬಂಗಾರದಂತೆ ಆಗುತ್ತಿದ್ದವು. ಹೇಗೂ ಆಯುಧಪೂಜೆಯೂ ಹತ್ತಿರ ಬಂದಿತ್ತು. ಒಂದು ಪಾತ್ರೆಯಲ್ಲಿ ದೊಡ್ಡ ಹಿಡಿ ಹುಣಸೆಹಣ್ಣು ಕಿವುಚಿದೆ, ಉಪ್ಪು ಹಾಕಿದೆ, ಬಿಸಿನೀರು ಸುರಿದೆ, ಡಬ್ಬಿಯಲ್ಲಿದ್ದ ಕೇಸುಗಳನ್ನೆಲ್ಲ ಅದರಲ್ಲಿ ಮುಳುಗಿಸಿದೆ. ಇಷ್ಟು ಸಣ್ಣ ಕೇಸಿನ ಒಳಗೆ ಕೈ ಹೋಗುವುದಿಲ್ಲ, ಸ್ವಲ್ಪ ಹೊತ್ತು ನೆನೆಯಲಿ ಅಂದುಕೊಂಡೆ.

ಅಷ್ಟರಲ್ಲಿ ದೂರದ ಬಡಾವಣೆಯ ಗೆಳತಿಯೊಬ್ಬಳ ಫೋನು ಬಂತು. ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ, ಪ್ರಸಾದದ ಸಜ್ಜಿಗೆ ನಾನು ಮಾಡಿಕೊಡಬೇಕಿತ್ತು, ಮರೆತೇಬಿಟ್ಟಿದ್ದೆ. ಸೀರೆ ಸುತ್ತಿಕೊಂಡು ಓಡಿದೆ. ಬರುವಾಗ ಹೈವೇ ತುಂಬ ಗಾಡಿ. ಮನೆ ಮುಟ್ಟುವ ಹೊತ್ತಿಗೆ ಸೊಂಟ ಬಿದ್ದುಹೋಗಿತ್ತು, ಪಾತ್ರೆಯ ನೆನಪೇ ಆಗಲಿಲ್ಲ.

ಶನಿವಾರ ಉಪ್ಪಿಟ್ಟಿನ ರವೆ ಹುರಿಯುವಾಗ ನೆನಪಾಯಿತು. ಓಡಿಹೋಗಿ ಕೈ ಹಾಕಿ ತೆಗೆದರೆ ಬಂಗಾರವೂ ಇಲ್ಲ, ಹಿತ್ತಾಳೆಯೂ ಇಲ್ಲ. ಎಲ್ಲ ಕೇಸುಗಳೂ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ತಿಕ್ಕಿದೆ, ತೊಳೆದೆ, ಬಣ್ಣ ಹೋಗಲಿಲ್ಲ. ಮುಚ್ಚಿಡುವ ವಸ್ತು ಅದಲ್ಲ. ಪಾತ್ರೆಯನ್ನು ಹಾಗೇ ಒಯ್ದು ಇವರ ಮುಂದೆ ಇಟ್ಟೆ. ಅವಳೂ ಅದೇ ಹೊತ್ತಿಗೆ ಬಂದು ಕೋಟು ಬಿಚ್ಚುತ್ತಿದ್ದಳು, ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಇವರು ಒಂದು ಕೇಸು ಎತ್ತಿ ಉಗುರಿನಿಂದ ಕೆರೆದರು. "ಹುಳಿ ಹಿತ್ತಾಳ್ಯಾಗಿನ ಸತುವು ತಿಂದದ. ತಾಮ್ರ ಮ್ಯಾಲೆ ಬಂದದ. ಇವಕ್ಕ ಇನ್ನ ಗಟ್ಟಿತನ ಇಲ್ಲ."

"ಒಂದು ದಿನ ನೆನೆದದ್ದಕ್ಕೆ ಇಷ್ಟು ಆಗ್ತದೇನ್ರೀ?"

ಬೈದಿದ್ದರೆ ನಾನೂ ಎರಡು ಮಾತು ಅಂದು ಹಗುರಾಗುತ್ತಿದ್ದೆ. ಇವರು ಇಕ್ಕಳ ತೆಗೆದುಕೊಂಡು, ಇನ್ನು ಯಾರೂ ಮರೆತು ತುಂಬಬಾರದೆಂದು ಒಂದೊಂದೇ ಕೇಸಿನ ಬಾಯಿಯನ್ನು ಹಿಸುಕಿ ಕಸದ ಬುಟ್ಟಿಗೆ ಹಾಕತೊಡಗಿದರು. ಕಟಕ್, ಕಟಕ್. ಎಲ್ಲ ಮುಗಿದ ಮೇಲೆ ಕಪಾಟಿನಿಂದ ಹೊಸ ಕೇಸುಗಳ ಡಬ್ಬಿ ತೆಗೆದರು.

"ನೀ ಮ್ಯಾಲೆ ಹೋಗಿ ಚಹಾ ಮಾಡು," ಅಂದರು ನನಗೆ. ಅವಳಿಗೆ, "ನೀವು ಟಾರ್ಚ್ ಹಿಡೀರಿ."

ಸ್ಟೂಲು ಹೋದರೆ ಹೋಗಲಿ, ಮಷಿನ್ ಬಂದರೆ ಬರಲಿ. ಟಾರ್ಚು ನನ್ನದು. ಅದೂ ಹೋದರೆ ಈ ಬೇಸ್‌ಮೆಂಟಿನಲ್ಲಿ ನಾನು ಯಾರು? ಬಟ್ಟೆ ಒಗೆಯಲು ಇಳಿದು ಬರುವವಳು. ನಾಲ್ಕು ಮೆಟ್ಟಿಲು ಹತ್ತಿ ಅಲ್ಲೇ ಕೂತೆ. ಚಹಾ ಯಾರಿಗೆ ಬೇಕಾಗಿತ್ತು?

ಇವರು ತೂಗಿದರು, ಹಾಕಿದರು, ಹಲಗೆ ತುಂಬಿತು. ಅದನ್ನು ಅವಳ ಕಡೆ ಸರಿಸಿದರು. ಅವಳು ಟಾರ್ಚು ಹಿಡಿದು ಸಾಲಿನಿಂದ ಸಾಲಿಗೆ, ಒಂದನ್ನೂ ಬಿಡದೆ, ಬಗ್ಗಿ ಬಗ್ಗಿ ನೋಡಿದಳು. ನಾನೂ ಅಷ್ಟು ನಿಧಾನವಾಗಿ ನೋಡುವುದಿಲ್ಲ. ಏನಾದರೂ ತಪ್ಪು ಮಾಡುತ್ತಾಳೇನೋ ಎಂದು ಕಾದೆ, ಮಾಡಲಿಲ್ಲ.

"ಎಲ್ಲಾ ಸರಿಯಾಗಿದೆ ಸರ್."

ಇವರು ಒಂದು ಗುಂಡು ಎತ್ತಿ ಮೊದಲ ಕೇಸಿನ ಬಾಯಿಯ ಮೇಲೆ ಇಟ್ಟರು. ಗುಂಡು ಒತ್ತುವ ಪ್ರೆಸ್ಸಿನ ಹಿಡಿಕೆಗೆ ಕೈ ಹಾಕಿದರು, ಬಿಟ್ಟರು. ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡರು. ಮತ್ತೆ ಹಿಡಿಕೆ ಹಿಡಿದರು. ಎಳೆಯಲಿಲ್ಲ.

"ಏನಾಯ್ತು ಸರ್? ಇನ್ನೊಂದ್ಸಲ ನೋಡ್ಲಾ?"

"ನೀವು ಛಲೋ ನೋಡೀರಿ. ನಿಮ್ಮದೇನು ತಪ್ಪಿಲ್ಲ." ಗುಂಡನ್ನು ವಾಪಸ್ ಡಬ್ಬಿಗೆ ಹಾಕಿದರು. "ನನಗ ಕೈ ಬರವಲ್ದು."

ಆಮೇಲೆ ಮೆಟ್ಟಿಲ ಕಡೆ ತಿರುಗದೆಯೇ ಅಂದರು, "ನೀ ಬಾ ಇಲ್ಲೆ."

"ಚಹಾ ಮಾಡ್ಬೇಕಲ್ಲ," ಅಂದೆ. ಬಿಡುತ್ತೇನೆಯೇ?

"ಚಹಾ ಇರಲಿ ಮಾರಾಯ್ತಿ. ಬಾ. ನೋಡು."

ಅವಳು ಎದ್ದು ಸ್ಟೂಲು ಬಿಟ್ಟುಕೊಟ್ಟಳು. ಕೂತೆ. ಟಾರ್ಚು ಅವಳ ಕೈಯ ಬಿಸಿಗೆ ಬೆಚ್ಚಗಿತ್ತು. ಒಂದಾದರೂ ಹೆಚ್ಚುಕಡಿಮೆ ಸಿಗಲಪ್ಪಾ ದೇವರೇ ಎಂದು ಬೇಡಿಕೊಳ್ಳುತ್ತಲೇ ನೋಡತೊಡಗಿದೆ. "ಇದು ಕಡಿಮಿ ಅದ" ಎಂದು ಒಂದೇ ಒಂದು ಮಾತು ಅಂದರೆ ಸಾಕು, ಅವಳ ಮುಖ ಬಾಡಿಹೋಗುತ್ತಿತ್ತು. ಅದು ಸುಳ್ಳೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅನುಮಾನ ಬಂದ ಕೇಸನ್ನು ಇವರು ಪರೀಕ್ಷೆ ಮಾಡುವುದಿಲ್ಲ, ಪುಡಿ ಸುರಿದು ಹೊಸದಾಗಿ ತೂಗುತ್ತಾರೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಇವರು ಕೈ ಕಟ್ಟಿಕೊಂಡು ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಏನೆಂದರೂ ನಂಬಿ, ಆ ತೋಟಾ ಹಾಕಿ, ಕೆನ್ನೆ ಒತ್ತಿ ಹೊಡೆಯುವ ಮುಖ ಅದು.

"ಎಲ್ಲಾ ಬರೋಬ್ಬರಿ ಅದಾವ," ಅಂದೆ. "ಆತು."

ಹಿಡಿಕೆ ಕೆಳಗೆ ಬಂತು. ಮೊದಲ ಗುಂಡು ಕೂತಿತು.

ಅವಳು ವಾಷಿಂಗ್ ಮಷಿನ್ನಿಗೆ ಒರಗಿ ನಿಂತಿದ್ದಳು, ನಾನು ಮೊದಲು ನಿಂತ ಜಾಗದಲ್ಲೇ. ಅಲ್ಲಿಂದಲೇ ನಕ್ಕು, "ಅಕ್ಕಾ, ನಿಮ್ಮನ್ನ ನೋಡಿದ್ರೆ ನಂಗೆ ಹೊಟ್ಟೆ ಉರಿಯತ್ತೆ," ಅಂದಳು.

"ನನ್ನನ್ನ? ಯಾಕವಾ?"

"ನಮ್ಮೆಜಮಾನ್ರು ಎಡ್ಮಂಟನ್‌ನಲ್ಲಿದಾರೆ. ಫೋನ್ ಮಾಡಿದಾಗೆಲ್ಲಾ ಆ ಹುಚ್ಚು ಇನ್ನೂ ಬಿಟ್ಟಿಲ್ವಾ ಅಂತಾರೆ. ಸರ್ ಕಲಿಸ್ತಾರೆ, ಸರಿ. ಆದ್ರೆ ನಾನು ತುಂಬಿದ್ದನ್ನ ನಾನೇ ನೋಡ್ಕೋಬೇಕು. ಮೊದಲ ದಿನದಿಂದ ನೋಡ್ತಿದೀನಿ, ನೀವು 'ಆತು' ಅಂದ ತಕ್ಷಣ ಸರ್ ಮುಖ ಹೇಗಾಗತ್ತೆ ಅಂತ. ನಂದೂ ಒಂದ್ಸಲ ನೋಡ್ತೀರಾ ಅಕ್ಕಾ?"

ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆ ತಣ್ಣಗಾಯಿತು. ಅವಳ ಗಂಡ ದೂರ ಇದ್ದಾನೆ ಎಂದಲ್ಲ, ಅಷ್ಟು ಕೆಟ್ಟವಳಲ್ಲ ನಾನು. ನಾನು ಉರಿಯುತ್ತಿದ್ದ ಹೊತ್ತಿನಲ್ಲೆಲ್ಲ ಅವಳೂ ನನ್ನನ್ನು ನೋಡಿ ಉರಿಯುತ್ತಿದ್ದಳಲ್ಲ, ಅದಕ್ಕೆ. "ತಾ, ನೋಡ್ತೀನಿ," ಅಂದೆ. ಅವಳು ತನ್ನ ಕೇಸುಗಳಿಗೆ ಪುಡಿ ತೂಗಿ ತುಂಬಿದ ಮೇಲೆ ಅವಳ ಹಲಗೆಗೆ ಟಾರ್ಚು ಬಿಟ್ಟೆ. ಇವರದಕ್ಕಿಂತ ಅವಳದೇ ಹೆಚ್ಚು ಸಮ ಇತ್ತು, ಗೆರೆ ಎಳೆದ ಹಾಗೆ. ಮತ್ತೆ ಸ್ವಲ್ಪ ಉರಿಯಿತು. ಆದರೂ "ಆತು" ಅಂದೆ.

ಮರುದಿನ ಗುರಿ ಹೊಡೆಯುವ ರೇಂಜಿನಲ್ಲಿ ತಣ್ಣನೆಯ ಗಾಳಿ. ಸಾಲಾಗಿ ಚಾಪೆ ಹಾಸಿದ್ದರು. ನಾನು ಹಿಂದೆ, ಗೆರೆಯ ಆಚೆ, ಮಡಚುವ ಕುರ್ಚಿಯಲ್ಲಿ ಚಹಾದ ಫ್ಲಾಸ್ಕ್ ಇಟ್ಟುಕೊಂಡು ಕೂತಿದ್ದೆ. ಇವರು ಮಲಗಿ ಮೊದಲ ತೋಟಾ ಹಾಕುವ ಮುನ್ನ ಹಿಂತಿರುಗಿ ನನ್ನನ್ನು ನೋಡಿದರು. ಪ್ರತಿಸಲ ನೋಡುತ್ತಾರೆ. ಗಂಡನಿಗೆ ಶುಭ ಹಾರೈಸುತ್ತಿದ್ದೇನೆ ಎಂದು ಕ್ಲಬ್ಬಿನವರು ತಿಳಿದುಕೊಂಡಿದ್ದಾರೆ, ತಿಳಿದುಕೊಳ್ಳಲಿ. 'ಆತು' ಅನ್ನುವಂತೆ ನಾನು ತಲೆ ಆಡಿಸಿದೆ. ಇವರು ಬೋಲ್ಟ್ ಮುಚ್ಚಿದರು.

ಪಕ್ಕದ ಚಾಪೆಯ ಮೇಲೆ ಅವಳು ಮಲಗಿದ್ದಳು. ಅವಳೂ ತೋಟಾ ಕೈಯಲ್ಲಿ ಹಿಡಿದು ಹಿಂತಿರುಗಿ ನನ್ನನ್ನೇ ನೋಡಿದಳು, ಕಾದಳು. ಫ್ಲಾಸ್ಕಿನ ಮುಚ್ಚಳ ತೆಗೆದೆ. ಬಗ್ಗಿಸಿದೆ. ಒಂದು ಗುಟುಕು ಕುಡಿದೆ. ಅವಳು ಇನ್ನೂ ಕಾಯುತ್ತಿದ್ದಳು.

ಆಮೇಲೆ ತಲೆ ಆಡಿಸಿದೆ.