ಗೋಡೆಯ ಮೇಲಿನ ನೀಲಿ ಕಡಲು

ಧಾರವಾಡದ ನಮ್ಮ ಚಿತ್ರಶಾಲೆಯಲ್ಲಿ ಒಂದು ಗೋಡೆಯ ತುಂಬ ಬರೀ ಕಾರವಾರದ ಕಡಲು. ಎಲ್ಲಕ್ಕಿಂತ ಮೇಲೆ ನಮ್ಮ ಮಾಸ್ತರರ ಗುರುಗಳು ಬರೆದದ್ದು, ಅದರ ಕೆಳಗೆ ಮಾಸ್ತರರದು, ಆಮೇಲೆ ಸಾಲಾಗಿ ಅವರ ಶಿಷ್ಯರವು. ಎಲ್ಲರೂ ಒಂದೇ ದಂಡೆಯ ಮೇಲೆ ಕೂತು ಬರೆದವರು. ಎಡಕ್ಕೆ ಗುಡ್ಡ, ಬಲಕ್ಕೆ ನದಿ ಬಂದು ಸೇರುವ ಜಾಗ, ನಡುವೆ ನೀಲಿ ನೀರು. ಎರೆಮಣ್ಣಿನ ಊರುಗಳಿಂದ ಬಂದ ನಮಗೆ ಕೆರೆಗಿಂತ ದೊಡ್ಡ ನೀರು ಗೊತ್ತಿರಲಿಲ್ಲ. ಬೆಳಕು ಅಂದರೇನು ಅಂತ ತಿಳಿಯಬೇಕಾದರೆ ಘಟ್ಟ ಇಳಿಯಲೇಬೇಕು ಅನ್ನುವುದು ಮಾಸ್ತರರ ಗುರುಗಳ ಕಾಲದಿಂದ ಬಂದ ನಂಬಿಕೆ.

ಪ್ರತಿವರ್ಷ ದಸರೆ ಮುಗಿದು ನೀರು ತಿಳಿಯಾದ ಮೇಲೆ ಮಾಸ್ತರರು ಕೊನೆಯ ವರ್ಷದವರನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದರು. ತಿರುಗಿ ಬಂದ ಮೇಲೆ ಒಂದೇ ಒಂದು ಚಿತ್ರ ಗೋಡೆ ಏರುತ್ತಿತ್ತು. ಅದನ್ನು ಬರೆದವನಿಗೆ ಮುಂಬೈಯಲ್ಲಿ ಮುಂದೆ ಕಲಿಯಲು ಮಾಸ್ತರರ ಶಿಫಾರಸು ಪತ್ರ. ಇನ್ನೊಂದು ಕಟ್ಟಳೆಯೂ ಇತ್ತು. ಅವರ ಮುಂದೆ ಇಡುವ ತನಕ ಒಬ್ಬರ ಚಿತ್ರ ಇನ್ನೊಬ್ಬರು ನೋಡಕೂಡದು, ಕಂಡದ್ದರ ಬಗ್ಗೆ ಮಾತೂ ಆಡಕೂಡದು. ಒಬ್ಬರ ಕಣ್ಣು ಇನ್ನೊಬ್ಬರಿಗೆ ಅಂಟುತ್ತದೆ ಅನ್ನುತ್ತಿದ್ದರು.

ಅರವತ್ತರ ದಶಕದ ಆರಂಭ. ನಮ್ಮ ಕೊನೆಯ ವರ್ಷಕ್ಕೆ ಉಳಿದವರು ಇಬ್ಬರೇ, ನಾನು ಮತ್ತು ಹೆಬ್ಬಳ್ಳಿಯಿಂದ ಸೈಕಲ್ ಮೇಲೆ ಬರುತ್ತಿದ್ದ ನನ್ನ ಗೆಳೆಯ. ಮಾಸ್ತರರು ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದರು.

"ನಾ ಬರದಿದ್ರ ಏನಾತು, ಕಡಲ ಎಲ್ಲೂ ಓಡಿ ಹೋಗಂಗಿಲ್ಲ. ಇಬ್ರೂ ಹೋಗಿ ಬರ್ರಿ" ಎಂದು ಕಳಿಸಿದರು.

ಆ ವರ್ಷ ಹಿಂಗಾರಿ ಮಳೆ ನಿಲ್ಲಲೇ ಇಲ್ಲ. ಕಾರವಾರದ ಧರ್ಮಶಾಲೆಯಲ್ಲಿ ಮೂರು ದಿನ ಚುರುಮುರಿ ತಿನ್ನುತ್ತ ಕೂತೆವು. ಹೊತ್ತು ಹೋಗದೆ ನಾನು ಒಂದು ಮೂಲೆ ಹಿಡಿದು ಅಲ್ಲೇ ಚಿತ್ರ ಶುರು ಮಾಡಿದೆ. ಗುಡ್ಡ ಎಲ್ಲಿ ಬಾಗಬೇಕು, ನೀಲಿ ಎಲ್ಲಿ ತೆಳುವಾಗಬೇಕು, ಎಲ್ಲ ಶಾಲೆಯ ಗೋಡೆ ನೋಡಿ ನೋಡಿ ಬಾಯಿಪಾಠ ಆಗಿತ್ತು. ಮೂರನೆಯ ದಿನಕ್ಕೆ ಕಡಲು ನೋಡದೆಯೇ ನನ್ನ ಕಡಲು ಮುಗಿಯಿತು.

ನಾಲ್ಕನೆಯ ಬೆಳಿಗ್ಗೆ ಮಳೆ ಬಿಟ್ಟಿತು. ಇಬ್ಬರೂ ದಂಡೆಗೆ ಹೋದೆವು. ನದಿ ಘಟ್ಟದ ಕೆಮ್ಮಣ್ಣನ್ನೆಲ್ಲ ಹೊತ್ತು ತಂದು ಸುರಿದಿತ್ತು. ಕಣ್ಣು ಹಾಯುವ ತನಕ ಕಾವಿ ಬಣ್ಣದ ನೀರು. ಮಾಸ್ತರರ ಕಟ್ಟಳೆಯಂತೆ ಗೆಳೆಯ ದೂರ ಹೋಗಿ ಕೂತವನು ಮಧ್ಯಾಹ್ನದ ತನಕ ಏಳಲಿಲ್ಲ. ನಾನು ಮುಗಿದ ಚಿತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡು ಬರೆಯುವವನ ಹಾಗೆ ನಟಿಸಿದೆ. ಹೊಸ ಹಾಳೆ ಇತ್ತು, ಹೊತ್ತೂ ಇತ್ತು. ಕೆಂಪು ಕಡಲು ಗೋಡೆ ಏರುವುದಿಲ್ಲ ಅಂತ ಅನಿಸಿತು, ಅಷ್ಟೇ. ಅದನ್ನು ಜಾಣತನ ಅಂದುಕೊಂಡಿದ್ದೆ.

ಧಾರವಾಡಕ್ಕೆ ಬಂದು ಎರಡೂ ಚಿತ್ರಗಳನ್ನು ಮಾಸ್ತರರ ಮಂಚದ ಮುಂದೆ ಇಟ್ಟೆವು. ಗೆಳೆಯನದನ್ನು ನಾನು ನೋಡಿದ್ದು ಆಗಲೇ. ನೀರು ಕಣ್ಣ ಮುಂದೆ ಹೊರಳುತ್ತಿತ್ತು. ಆ ಕೆಂಪಿನಲ್ಲಿ ಎಷ್ಟು ಬಗೆಯ ಕೆಂಪು ಇದ್ದವೋ. ನನ್ನ ಹೊಟ್ಟೆಯಲ್ಲಿ ಕಿಚ್ಚು ಬಿತ್ತು.

ಮಾಸ್ತರರು ಅದನ್ನು ಬಹಳ ಹೊತ್ತು ನೋಡಿದರು. "ಕಡಲ ಖರೇನ ಹಿಂಗ ಇತ್ತೇನೋ?"

"ನನಗ ಹಿಂಗ ಕಂಡತ್ರೀ ಸರ್" ಎಂದ ಗೆಳೆಯ.

ಅವರು ನನ್ನ ಕಡೆ ತಿರುಗಿದರು. "ನೀನೂ ಅಲ್ಲೇ ಇದ್ದೆಲ್ಲಾ. ನೀ ಹೇಳು, ಯಾವ ಬಣ್ಣ ಇತ್ತು?"

ಕೆಂಪು ಅಂದರೆ, ನಿನ್ನ ನೀಲಿ ಎಲ್ಲಿಂದ ಬಂತು ಅಂತ ಕೇಳುತ್ತಿದ್ದರು.

"ನೀಲಿ ಇತ್ರೀ ಸರ್" ಎಂದೆ.

ಗೆಳೆಯ ಜಗಳಕ್ಕೆ ಬರುತ್ತಾನೆ ಅಂತ ನಾನು ಸಿದ್ಧನಾಗಿ ನಿಂತಿದ್ದೆ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ, ಹೆದರಿಕೆ ಇತ್ತು. ನನ್ನ ಚಿತ್ರ ನೋಡಿದ, ತನ್ನದು ನೋಡಿದ, ಕಣ್ಣು ಉಜ್ಜಿಕೊಂಡ. ನಾನು ಸುಳ್ಳು ಹೇಳಬಹುದು ಅನ್ನುವುದು ಅವನ ತಲೆಗೇ ಬರಲಿಲ್ಲ.

ಮಾಸ್ತರರು ಮೆತ್ತಗೆ ಹೇಳಿದರು: "ಕೆಲವ್ರ ಕಣ್ಣ ಹಂಗ ಇರ್ತಾವಪಾ, ಬಣ್ಣದ ಗುರ್ತ ಹತ್ತಂಗಿಲ್ಲ. ಹುಟ್ಟಾ ಬಂದಿದ್ದು, ನಿಂದೇನೂ ತಪ್ಪಿಲ್ಲ. ಕೈ ಭಾಳ ಛಲೋ ಅದ. ಆದ್ರ ಬಣ್ಣದ ಕೆಲಸ ನಿನಗ ಒಗ್ಗಂಗಿಲ್ಲ."

ಅದುವರೆಗೆ ಅವನ ಬಣ್ಣದಲ್ಲಿ ಯಾರೂ ತಪ್ಪು ಹುಡುಕಿರಲಿಲ್ಲ. ಆದರೆ ಗುರುಗಳ ಮಾತು, ಮೇಲೆ ಗೆಳೆಯನ ಸಾಕ್ಷಿ. ಅವನು ತಲೆ ತಗ್ಗಿಸಿ "ಹೌದ್ರೀ" ಎಂದ.

ನನ್ನ ಕಡಲು ಗೋಡೆ ಏರಿತು, ನಾನು ಮುಂಬೈಗೆ ಹೋದೆ. ಅವನು ಶಾಲೆ ಬಿಟ್ಟು ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ನಕ್ಷೆ ತೆಗೆಯುವ ಕೆಲಸ ಹಿಡಿದ. ಬಿಳಿ ಕಾಗದ, ಕಪ್ಪು ಮಸಿ. ನಿಜ ತಿಳಿಸಿ ಪತ್ರ ಬರೆಯೋಣ ಅಂದುಕೊಳ್ಳುತ್ತಿದ್ದೆ. ಬರೆಯದಿರಲು ಪ್ರತಿಸಲವೂ ಒಂದು ನೆಪ ಸಿಗುತ್ತಿತ್ತು, ನಾಚಿಕೆಗೇಡಿ ನಾನು.

ಐದಾರು ವರ್ಷದ ಮೇಲೆ ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಯಾರೋ ನನ್ನ ಕೈ ಹಿಡಿದು ಅಂಗಡಿಯೊಳಗೆ ಎಳೆದರು. ಅವನೇ. ಬಸುರಿ ಹೆಂಡತಿಯ ಕುಬಸದ ಕಾರ್ಯಕ್ಕೆ ರವಿಕೆಯ ಹಸಿರು ಖಣ ಒಯ್ಯಲು ಬಂದಿದ್ದ.

"ಛಲೋ ಆತು ನೀ ಸಿಕ್ಕಿದ್ದು. ಇದು ಹಸರ ಐತಿ ಹೌದಲ್ಲೋ? ನನ್ನ ಕಣ್ಣಿನ ಹಣೆಬರಹ ನಿನಗ ಗೊತ್ತೈತೆಲ್ಲಾ."

ಅವನು ಕೈಯಲ್ಲಿ ಹಿಡಿದದ್ದು ಎಳೆಯ ಭತ್ತದ ಹಸಿರು. ಆ ರಾಶಿಯಲ್ಲಿ ಅದಕ್ಕಿಂತ ಚೆಂದದ ಹಸಿರು ಇನ್ನೊಂದು ಇರಲಿಲ್ಲ.

"ಹಸರ ಐತಿ" ಎಂದೆ.

"ಕಟ್ರೀ ಇದನ್ನ" ಎಂದು ಅಂಗಡಿಯವರಿಗೆ ಹೇಳಿದ. "ಇವರು ಮುಂಬೈನಾಗ ಕಲ್ತ ಬಂದವ್ರು. ಇವರು ಹಸರ ಅಂದ್ರ ಹಸರ."

ಹೊರಗೆ ಬಂದ ಮೇಲೆ, ಪೊಟ್ಟಣವನ್ನು ಎದೆಗೆ ಅವಚಿಕೊಂಡು, ದನಿ ತಗ್ಗಿಸಿ ಕೇಳಿದ: "ಹುಟ್ಟೋ ಕೂಸಿಗೂ ನನ್ನ ಕಣ್ಣ ಬರ್ತಾವೇನೋ?"

ಬರಲಿ, ಬಂದರೆ ಅದರ ಪುಣ್ಯ, ಅನ್ನಬೇಕಾಗಿತ್ತು.

"ಇಲ್ಲಪಾ, ಬರಂಗಿಲ್ಲ. ಚಿಂತಿ ಮಾಡಬ್ಯಾಡ" ಎಂದು ಭುಜ ತಟ್ಟಿ ಕಳಿಸಿದೆ.