ಬೆಳಕಿಂಡಿಯ ಕಲ್ಲು

ದೆವ್ವದ ಕಥೆ ಅಂದರೆ ಜನ ಕಿವಿ ನಿಮಿರಿಸಿ ಕೂರುತ್ತಾರೆ. ನಿಜವಾಗಿ ನಡೆದದ್ದು ಅಂದರೆ ಮುಖ ಮುಖ ನೋಡಿಕೊಂಡು ನಗುತ್ತಾರೆ. ನಗುವವರು ನಗಲಿ, ನನ್ನದೇನೂ ಹೋಗುವುದಿಲ್ಲ. ಇದು ಅವರಿವರ ಬಾಯಿಂದ ಕೇಳಿದ ಮಾತಲ್ಲ. ನಿಜಾಮರ ರಾಜ್ಯದಲ್ಲಿ, ದೊಡ್ಡ ಲಡಾಯಿ ನಡೆದಿದ್ದ ಕಾಲದಲ್ಲಿ, ಮಸ್ಕಿಯ ನಮ್ಮ ಮನೆಯೊಳಗೆ ನನ್ನ ಇದೇ ಎರಡು ಕಿವಿಗಳಿಂದ ಕೇಳಿದ್ದು. ಅಂದು ನನ್ನ ತೊಡೆಯ ಮೇಲೆ ಮಲಗಿದ್ದ ಕೂಸು ಈಗ ತಾನೂ ಅಜ್ಜಿಯಾಗಿದ್ದಾಳೆ.

ನಮ್ಮದು ಕಮ್ಮಾರರ ಮನೆ. ಮುಂದೆ ಕುಲುಮೆ, ಹಿಂದೆ ಮಣ್ಣಿನ ಮಾಳಿಗೆಯ ಎರಡು ಅಂಕಣ. ಮಾಳಿಗೆಯ ನಡುವೆ ಒಂದು ಬೆಳಕಿಂಡಿ ಇತ್ತು. ಮೇಲೆ ಒಣಹಾಕಿದ ಜೋಳವನ್ನು ಅದರೊಳಗಿಂದಲೇ ಕೆಳಗೆ ಸುರಿಯುತ್ತಿದ್ದೆವು, ಅದಕ್ಕೇ ಒಬ್ಬ ಆಳು ಇಳಿಯುವಷ್ಟು ದೊಡ್ಡದಾಗಿ ಬಿಟ್ಟಿದ್ದರು.

ನನ್ನ ಗಂಡನ ಹೆಸರನ್ನು ನಾನು ಹೇಳುವುದಿಲ್ಲ, ನಮ್ಮಲ್ಲಿ ಹೇಳುವ ಪದ್ಧತಿಯಿಲ್ಲ. ನಮ್ಮತ್ತೆ ‘ಅಮರೇಶ’ ಅಂತ ಕರೆಯುತ್ತಿದ್ದಳು, ಅಷ್ಟು ತಿಳಿದುಕೊಳ್ಳಿ. ಅವನಿಗೆ ನೇಗಿಲ ಕುಡ, ಕುಡಗೋಲು ಬಡಿಯುವುದು ಸೇರಲಿಲ್ಲ. ಲಿಂಗಸೂಗೂರಿನ ಆಚೆ ಹಳೆಯ ಚಿನ್ನದ ಗಣಿಗಳನ್ನು ಮತ್ತೆ ತೆಗೆಯುತ್ತಿದ್ದರು. ಆಳುಗಳನ್ನು ಪಂಜರದಲ್ಲಿ ಕೂರಿಸಿ ಪಾತಾಳಕ್ಕೆ ಇಳಿಸುವ ಯಂತ್ರವನ್ನು ನೋಡಿಕೊಳ್ಳಲು ಹೋದ. ಅಲ್ಲಿ ತಂತಿಹಗ್ಗಕ್ಕೆ ಸಿಕ್ಕಿ ಬಲಗೈಯ ತೋರುಬೆರಳು ಅರ್ಧ ಹೋಯಿತು. ಬೆರಳು ಹೋದರೂ ಕೆಲಸ ಕೈಗೆ ಹತ್ತಿತು. ಅದನ್ನು ಕಂಡ ಒಬ್ಬ ಸಾಹೇಬ ಮುಂಬೈ ಗೋದಿಗೆ, ಹಡಗು ರಿಪೇರಿ ಮಾಡುವ ಕಡೆಗೆ, ಕರೆದುಕೊಂಡು ಹೋದ.

ಒಂದೇ ಒಂದು ಸಲ ರಜದ ಮೇಲೆ ಬಂದ. ಬಂದವನ ಬಾಯಲ್ಲಿ ಬರೀ ಹಡಗಿನದೇ ಮಾತು. ವಿಮಾನ ಹೊರುವ ಹಡಗಂತೆ! ಹಳ್ಳಕ್ಕೆ ಮೊಣಕಾಲು ನೀರು ಬಂದರೆ ಹೆದರುವ ನಮಗೆ ಅದೆಲ್ಲ ಹೇಗೆ ತಿಳಿಯಬೇಕು?

"ನಮ್ಮ ಮಾಳಿಗಿ ಐತಲ್ಲಬೇ, ಅದನ್ನ ಹತ್ತ್ ಊರಷ್ಟು ಉದ್ದ ಮಾಡಿ ನೀರಾಗ ತೇಲಿ ಬಿಟ್ರ ಹ್ಯಾಂಗಿರತೈತಿ? ಹಂಗ," ಅಂತ ಅವ್ವನಿಗೆ ತಿಳಿಸಿ ಹೇಳಿದ. "ವಿಮಾನ ಮಾಳಿಗಿ ಮ್ಯಾಲ ಇಳಿತಾವ. ಅಡ್ಡ ತಂತಿಹಗ್ಗ ಬಿಗಿದಿರತಾರ. ವಿಮಾನದ ಬಾಲಕ್ಕ ಒಂದು ಕೊಂಡಿ. ಕೊಂಡಿ ಹಗ್ಗಕ್ಕ ಸಿಕ್ಕಿತಂದ್ರ ನಿಂತು. ಆಮ್ಯಾಲ ನಮ್ಮ ಬೆಳಕಿಂಡಿಯಂಥಾದ್ರಾಗಿಂದ ಅದನ್ನ ಹೊಟ್ಟಿಯೊಳಗ ಇಳಿಸತೀವಿ. ಇಳಿಸೋ ಹಲಗಿ ನನ್ನ ಕೈಯಾಗ."

"ಬಾಗ್ಲಾನ ಇಲ್ಲೇನು ಆ ಮನಿಗೆ?" ಅಂದಳು ಅತ್ತೆ.

"ಇಲ್ಲಬೇ. ಮ್ಯಾಲಿಂದನ ಬರಬೇಕು."

ಆ ಹಡಗು ಮೊದಲು ಬಡಗಣ ದಿಕ್ಕಿನ ಹಿಮದ ಸಮುದ್ರದಲ್ಲಿ ಸರಕಿನ ಹಡಗುಗಳಿಗೆ ಕಾವಲು ತಿರುಗಿತ್ತಂತೆ. ನಮ್ಮ ಬಿಸಿ ಸಮುದ್ರಕ್ಕೆ ಬಂದದ್ದೇ ತಡ, ರೋಗ ಶುರುವಾಯಿತು. ಹಲಗೆ ಏರಿಳಿಯುವ ಕಬ್ಬಿಣ ಕಾವಿಗೆ ಉಬ್ಬುತ್ತಿತ್ತು, ಉಪ್ಪು ತಿಂದು ತುಕ್ಕು ಹಿಡಿಯುತ್ತಿತ್ತು. ಹೊಸ ಸೊಸೆ ಹೊಂದಿಕೊಳ್ಳುವಷ್ಟು ದಿನ ಇಂಥದ್ದೆಲ್ಲ ಇದ್ದದ್ದೇ ಅಂತ ಸಾಹೇಬರು ನಗುತ್ತಿದ್ದರಂತೆ. ಗೋದಿಯಲ್ಲಿ ಎಷ್ಟು ತಿದ್ದಿದರೂ ಸಮುದ್ರಕ್ಕೆ ಹೋದೊಡನೆ ಮತ್ತೆ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಹಾಗಾಗಿ ಇವನನ್ನೂ ಹಡಗಿನೊಂದಿಗೇ ಒಯ್ದರು.

ರಾತ್ರಿ ನಾವಿಬ್ಬರೇ ಇದ್ದಾಗ ಇನ್ನೊಂದು ಮಾತು ಹೇಳಿದ. ಒಂದು ಸಂಜೆ ಹಲಗೆ ಕೆಳಗೆ ಇಳಿದದ್ದು ಮೇಲೆ ಬರಲೇ ಇಲ್ಲ. ಮಾಳಿಗೆಯಲ್ಲಿ ಬಾಯಿ ತೆರೆದ ದೊಡ್ಡ ಗುಂಡಿ, ಮೇಲೆ ಒಂದು ವಿಮಾನ. ಇಳಿಯಲು ಜಾಗವಿಲ್ಲದೆ ಅದು ಸುತ್ತಿತು... ಸುತ್ತಿತು... ಇವನು ಕೆಳಗೆ ಸುತ್ತಿಗೆ ಹಿಡಿದು ಬಡಿಯುತ್ತಲೇ ಇದ್ದ. ಎಣ್ಣೆ ಮುಗಿದು ಮೇಲಿನ ಸದ್ದು ನಿಂತಿತು.

"ಮನಿಗೆ ಬಂದಿದ್ದ ಅಂವ. ಮನಿ ಮ್ಯಾಲನ ಇದ್ದ," ಅಂದ. "ನಾವು ತೆಗೀಲಿಲ್ಲ."

ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದ. ನಾನು ಅವನ ಬೆನ್ನ ಮೇಲೆ ಕೈಯಿಟ್ಟೆ. ಬೆಳಗಾಗುವವರೆಗೆ ಆ ಕೈ ತೆಗೆಯಲಿಲ್ಲ.

ಅವನು ಹೋದ ಮೇಲೆ ನಾನು ಬಸುರಿ ಅಂತ ಗೊತ್ತಾಯಿತು. ಹೆಣ್ಣು ಕೂಸು ಹುಟ್ಟಿತು. ಅಪ್ಪ ಬಂದೇ ಹೆಸರಿಡಲಿ ಅಂತ ಅತ್ತೆ ತೊಟ್ಟಿಲ ಶಾಸ್ತ್ರವನ್ನು ಮುಂದಕ್ಕೆ ಹಾಕಿದಳು. ಜವಳಗೇರಾದ ಒಬ್ಬ ಆಳು ಅದೇ ಗೋದಿಯಲ್ಲಿ ದುಡಿಯುತ್ತಿದ್ದ. ಊರಿಗೆ ಬಂದಿದ್ದವನು ಹೊರಟಾಗ, ಕೂಸಾಗಿದೆ ಅಂತ ಹೇಳಿ ಕಳಿಸಿದೆವು. ಆ ಮಾತು ನನ್ನ ಗಂಡನಿಗೆ ಮುಟ್ಟಲಿಲ್ಲ. ಆಳು ಮುಂಬೈ ಸೇರುವಷ್ಟರಲ್ಲಿ ಹಡಗು ಸಿಂಹಳದ ಕಡೆಗೆ ಹೋಗಿತ್ತು. ತಿಂಗಳು ಕಳೆದು ಅವನೇ ತಿರುಗಿ ಬಂದ. ಕುಲುಮೆಯ ಮುಂದೆ ನಿಂತು, ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

"ಜಪಾನದವ್ರು ಮ್ಯಾಲಿಂದ ಬಂದು ಹಡಗ ಮುಳುಗಿಸ್ಯಾರಂತ್ರೀ. ಗೋದಿ ತುಂಬಾ ಇದ ಖಬರು..."

ಹೆಣವಿಲ್ಲ, ಸರ್ಕಾರದ ಕಾಗದವಿಲ್ಲ. ನಮ್ಮ ಮಾವ, "ಕಾಣಿ ಆದವ್ರಿಗೆ ಹನ್ನೆರಡು ವರ್ಸ ಕಾಯಬೇಕು" ಅಂದ. ಆದರೆ ಅತ್ತೆಗೆ ಕನಸು ಬೀಳುತ್ತಿತ್ತು. ಮಗ ಒದ್ದೆ ಬಟ್ಟೆಯಲ್ಲಿ ನಿಂತು ನೀರು ಕೇಳುತ್ತಿದ್ದನಂತೆ.

"ಹನ್ನೆರಡು ವರ್ಸ ನನ ಮಗ ನೀರಡಿಸಿ ನಿಂದ್ರಬೇಕೇನು?" ಅಂತ ಅವಳು ಎದೆ ಬಡಿದುಕೊಂಡು ಅತ್ತಾಗ ಮಾವ ಒಪ್ಪಿದ. ಜೋಳದ ದಂಟಿನ ಬೊಂಬೆ ಮಾಡಿ, ಹಳ್ಳದ ದಂಡೆಯಲ್ಲಿ ಸುಟ್ಟು ನೀರು ಬಿಟ್ಟರು. ನನ್ನ ಬಳೆ ಒಡೆದರು. ಹೋದ ಜೀವ ತೊಟ್ಟಿಲಿನ ಸೆಳೆತಕ್ಕೆ ತಿರುಗಿ ಬರಬಾರದು ಅಂತ ಹಿರಿಯರು ಹೇಳಿದರು. ಮಾವ ಬೆಳಕಿಂಡಿಯ ಮೇಲೆ ಬಂಡೆ ಎಳೆದು ಸುತ್ತಲೂ ಗಚ್ಚು ಮೆತ್ತಿದ. ಕಮ್ಮಾರನ ಕೈ ನೋಡಿ, ಒಂದು ಕೂದಲು ಹೋಗುವಷ್ಟೂ ಸಂದು ಬಿಡಲಿಲ್ಲ. ಅಂದಿನಿಂದ ಒಳಗೆ ಹಗಲೇ ಕತ್ತಲೆ.

ಮಾಘಿ ಚಳಿ. ಊರಿನ ಗಂಡಸರು ಜೋಳ ಕಾಯಲು ಹೊಲ ಸೇರಿದ್ದರು. ಉಂಡು, ಒಲೆ ಆರಿಸಿ, ಕೂಸಿಗೆ ಹಾಲೂಡಿಸುತ್ತಿದ್ದೆ. ಮೂಗಿಗೆ ವಾಸನೆ ಬಡಿಯಿತು. ಕುಲುಮೆಯ ಇದ್ದಿಲ ವಾಸನೆಯಲ್ಲ... ಯಂತ್ರಕ್ಕೆ ಬಳಿಯುವ ಕರಿ ಗ್ರೀಸು, ಅದರೊಳಗೆ ಎಂಥದೋ ಉಪ್ಪುಪ್ಪು ಹಸಿ ವಾಸನೆ. ರಜಕ್ಕೆ ಬಂದಾಗ ಅವನ ಅಂಗಿಯಲ್ಲಿ ಇದ್ದದ್ದು ಇದೇ.

ಬಾಗಿಲ ಚಿಲಕ ಮೆಲ್ಲಗೆ ಅಲುಗಿತು.

"ಯವ್ವಾ... ಬಾಗ್ಲಾ ತೆಗಿ."

ಅತ್ತೆ ಹಾಸಿಗೆಯಿಂದ ಎದ್ದಳೋ ಹಾರಿದಳೋ ತಿಳಿಯಲಿಲ್ಲ. ನಾನೂ ಕೂಸನ್ನು ಎದೆಗೆ ಅವುಚಿಕೊಂಡೇ ಓಡಿದೆ. ಆದರೆ ನಮಗಿಂತ ಮೊದಲು ಮಾವ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಅವನ ಗಡ್ಡವೆಲ್ಲ ಕಣ್ಣೀರು.

"ತೆಗೀಬ್ಯಾಡ್ರಿ. ನೀರ ಬಿಟ್ಟೀವಿ ಅಂವಗ. ಬದುಕಿ ಬಂದಿದ್ರೂ ಹೊಸ್ತಿಲಾ ದಾಟಂಗಿಲ್ಲ. ಕೂಸಿನ ಜೀವಕ್ಕ ಬರತೈತಿ!"

ಹೊರಗಿನವರಿಗೆ ಇದು ಹುಚ್ಚು ಅನ್ನಿಸೀತು. ನಮ್ಮ ಕಡೆ ಕ್ರಿಯೆ ಮುಗಿದವನು ತಿರುಗಿ ಬಂದರೆ ಬಾಗಿಲಿಂದ ಬರುವಂತಿಲ್ಲ, ಅವನ ಮುಖವನ್ನೂ ನೋಡುವಂತಿಲ್ಲ. ಮಾಳಿಗೆಯ ಮೇಲಿಂದ ಇಳಿದು, ಈಗಷ್ಟೇ ಹುಟ್ಟಿದವನ ಹಾಗೆ ನೆಲ ಮುಟ್ಟಬೇಕು. ತೊಟ್ಟಿಲ ಶಾಸ್ತ್ರ ಮಾಡಿ ಹೊಸ ಹೆಸರಿಡಬೇಕು. ಆಮೇಲೇ ಅವನು ಮನೆಯವನು.

ಅತ್ತೆ ಮಾವನ ಎದೆಗೆ ಗುದ್ದುತ್ತಿದ್ದಳು. ಆಗ ಹೊರಗಿನ ದನಿಯೇ ಸಮಾಧಾನ ಹೇಳಿತು.

"ಅಪ್ಪ ಅನ್ನೂದು ಖರೇ ಐತಿ ಬೇ. ಕೂಸೈತಿ, ತೆಗೀಬ್ಯಾಡ. ನಾ ಮ್ಯಾಲಿಂದ ಬರ್ತೀನಿ."

ಆಮೇಲೆ ಬಾಗಿಲ ಸಂದಿಗೇ ಬಾಯಿಟ್ಟಂತೆ ಹತ್ತಿರದಿಂದ ಕೇಳಿತು, "ಏನ್ ಹೆಸರಿಟ್ಟೀದಿ?"

ನನ್ನನ್ನೇ ಕೇಳಿದ್ದು.

"ಇಟ್ಟಿಲ್ರೀ..." ಅಂದೆ. "ನೀವು ಬರ್ಲೆಂತ..."

ಹೊರಗೆ ಸಣ್ಣಗೆ ನಕ್ಕ ಸದ್ದು. "ಹಂಗಾದ್ರ ಚಲೋ ಆತು. ನನಗೂ ಅದಕ್ಕೂ ಕೂಡೇ ಇಡ್ರಿ."

ಆಮೇಲೆ ಮಾಳಿಗೆಯ ಮೇಲೆ ಹೆಜ್ಜೆ. ಧಪ್... ಧಪ್... ತೊಲೆಗಳ ಸಂದಿಯಿಂದ ಮಣ್ಣು ಉದುರಿ ನನ್ನ ತಲೆಯ ಮೇಲೆ ಬಿತ್ತು. ಹೆಜ್ಜೆ ಬೆಳಕಿಂಡಿಯ ಹತ್ತಿರ ಬಂದು ನಿಂತಿತು. ಆಗ ಮಾವನಿಗೆ ನೆನಪಾಯಿತು.

"ಗಚ್ಚು..." ಅಂದ.

ಮೇಲೆ ಉಗುರಿನಿಂದ ಕಲ್ಲು ಕೆರೆಯುವ ಸದ್ದು. ಕೆಳಗೆ ಮಾವ ನಿಚ್ಚಣಿಕೆ ಹಾಕಿ ಹತ್ತಿದ. ಕುಲುಮೆಯ ಸಲಾಕಿ, ಸುತ್ತಿಗೆ ತಂದು ಗಚ್ಚಿಗೆ ಬಡಿದ. ತಾನೇ ಮೆತ್ತಿದ ಗಚ್ಚು, ತನ್ನ ಸುತ್ತಿಗೆಗೇ ಬಗ್ಗಲಿಲ್ಲ. ಕೂಸನ್ನು ಅತ್ತೆಯ ಕೈಗೆ ಕೊಟ್ಟು ನಾನೂ ಒನಕೆ ಹಿಡಿದು ಬಂಡೆಗೆ ಕೆಳಗಿಂದ ಗುದ್ದಿದೆ. ಅಂಗೈ ಸುಲಿದು ರಕ್ತ ಬಂತು. ಬಂಡೆ ಅಲುಗಲಿಲ್ಲ.

"ಸಿಕ್ಕೊಂಡೈತಿ..." ಅಂತ ಮೇಲಿಂದ ದನಿ ಬಂತು. ಸಿಟ್ಟಿಲ್ಲ, ಅಳುವಿಲ್ಲ. ಹಗಲೆಲ್ಲ ದುಡಿದು ಸೋತವನ ದನಿ.

"ನಿಂದರ್ರೀ! ಹೋಗಬ್ಯಾಡ್ರಿ! ತೆಗೀತೀವಿ!" ಅಂತ ಕೂಗಿದೆ.

ಹೆಜ್ಜೆ ಸುತ್ತತೊಡಗಿತು. ಬೆಳಕಿಂಡಿಯ ಸುತ್ತ ಒಂದು ಸುತ್ತು... ಇನ್ನೊಂದು... ಮತ್ತೊಂದು... ಆ ವಿಮಾನದ ಸಂಗತಿ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಹೆಜ್ಜೆ ಸಾವಕಾಶವಾಗುತ್ತಾ ಬಂತು. ನಾನು ಹುಚ್ಚಿಯ ಹಾಗೆ ಗುದ್ದುತ್ತಲೇ ಇದ್ದೆ.

ಆಮೇಲೆ ಸದ್ದು ನಿಂತಿತು.

ಅದೇ ಗಳಿಗೆಗೆ ಗಚ್ಚು ಬಿರಿಯಿತು. ಮಾವ ಹೆಗಲು ಕೊಟ್ಟು ಬಂಡೆ ಸರಿಸಿದ. ಮೇಲೆ ಬರೀ ನಕ್ಷತ್ರ. ಮುಖ ನೋಡಬಾರದು ಅಂದಿದ್ದ ಅದೇ ಮಾವ ಮೇಲೆ ಹತ್ತಿ, "ಅಮರೇಶಾ! ಲೇ ಅಮರೇಶಾ!" ಅಂತ ಊರು ಕೇಳುವ ಹಾಗೆ ಕೂಗಿದ. ನಾನು ಬಾಗಿಲು ತೆರೆದು ಕಂದೀಲು ಹಿಡಿದು ಹಳ್ಳದವರೆಗೆ ಓಡಿದೆ. ಯಾರೂ ಇಲ್ಲ.

ಬೆಳಗಾದ ಮೇಲೆ ಬಂಡೆ ನೋಡಿದೆವು. ಮೇಲಿನ ಮಗ್ಗುಲಲ್ಲಿ ಅಂಚಿನ ಉದ್ದಕ್ಕೂ ಕರಿ ಗ್ರೀಸಿನ ಬೆರಳ ಗುರುತು. ತೋರುಬೆರಳಿನ ಗುರುತು ಎಲ್ಲಾ ಕಡೆ ಅರ್ಧವೇ ಇತ್ತು.

ಅತ್ತೆ ಕುಂಕುಮದ ಬಟ್ಟಲು ಹಿಡಿದು ನನ್ನ ಮುಂದೆ ಬಂದಳು. ಬೆರಳು ಅದ್ದಿದಳು. ನನ್ನ ಹಣೆಯ ಹತ್ತಿರ ತಂದ ಕೈ ಅಲ್ಲೇ ನಿಂತಿತು. ಇಡಬೇಕೋ ಬೇಡವೋ, ಅವಳಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತೆವು.

ಮಾವ ಸಿಂಧನೂರಿಗೆ ಹೋದ, ಲಿಂಗಸೂಗೂರಿಗೆ ಹೋದ, ಕಂಡಕಂಡವರನ್ನು ಕೇಳಿದ. ಸಿಂಧನೂರಿನ ಒಬ್ಬ ಬಂಡಿಯವನು, "ಅವತ್ತ ಸಂಜೀಕ ಒಬ್ಬಾಂವ ನನ್ನ ಬಂಡ್ಯಾಗ ಬಂದು ಮಸ್ಕಿ ಹಳ್ಳದಾಗ ಇಳಿದ್ನ್ರಿ" ಅಂದ. ಕೈ ನೋಡಿದೆಯಾ ಅಂತ ಕೇಳಿದರೆ, "ಚಾದರ ಹೊದ್ದಿದ್ನ್ರಿ, ಮಾತೂ ಆಡ್ಲಿಲ್ಲ" ಅಂದ. ಅಲ್ಲಿಗೆ ಅದೂ ಮುಗಿಯಿತು. ಆ ಹಡಗಿನವರಲ್ಲಿ ಕೆಲವರು ಈಜಿ ಬದುಕಿದರು ಅಂತ ಆಮೇಲೊಮ್ಮೆ ಜವಳಗೇರಾದವನು ಹೇಳಿದ. ಯಾರ್‍ಯಾರು ಅಂತ ಅವನಿಗೂ ಗೊತ್ತಿರಲಿಲ್ಲ.

ಕೇಳಿದವರೆಲ್ಲ, ಅದು ದೆವ್ವವೇ ಅನ್ನುತ್ತಾರೆ. ನಿಚ್ಚಣಿಕೆ ಒಳಗಿದ್ದಾಗ ಮಾಳಿಗೆ ಹತ್ತಿದ್ದು ಹೇಗೆ? ಯಾರೂ ಹೇಳದೆ ಕೂಸಿನ ಸಂಗತಿ ತಿಳಿದದ್ದು ಹೇಗೆ? ಅವರ ಮಾತು ಸರಿಯಾಗಿಯೇ ಇದೆ. ಆದರೆ ಕಮ್ಮಾರರ ಹುಡುಗನಿಗೆ ಬೇವಿನ ಗಿಡ ಹಿಡಿದು ಮಾಳಿಗೆ ಹತ್ತುವುದು ದೊಡ್ಡ ಮಾತೇ? ಮಾವನ ಕೂಗು ಬಾಗಿಲಾಚೆ ಕೇಳಿಸಿರಬಾರದೇ? ದೆವ್ವ ಕಂಡರೆ ನಾಯಿ ಊಳಿಡುತ್ತದಂತೆ. ಆ ರಾತ್ರಿ ನಮ್ಮ ಕುಲುಮೆಯ ನಾಯಿ ಒಂದು ಸೊಲ್ಲೂ ಎತ್ತಲಿಲ್ಲ. ಮನೆಯವರು ಬಂದರೆ ಅದು ಬೊಗಳುತ್ತಿರಲಿಲ್ಲ.

ಮಗಳಿಗೆ ಅಮರಮ್ಮ ಅಂತ ಹೆಸರಿಟ್ಟೆವು. ಅವಳನ್ನು ಕರೆಯುವ ನೆಪದಲ್ಲಿ ಅವನ ಅರ್ಧ ಹೆಸರಾದರೂ ನನ್ನ ಬಾಯಿಗೆ ಬಂತು. ಬೆಳಕಿಂಡಿಯನ್ನು ಆಮೇಲೆ ಮುಚ್ಚಲು ಬಿಡಲಿಲ್ಲ. ಮಳೆ ಬಂದರೆ ಕೆಳಗೆ ಕೊಡ ಇಡುತ್ತೇನೆ. ಈ ಮುದುಕಿಯ ಹಟಕ್ಕೆ ಮನೆಯೆಲ್ಲ ಹಸಿ ಅಂತ ಮೊಮ್ಮಕ್ಕಳು ಬೈಯುತ್ತಾರೆ, ಬೈಯಲಿ. ಈಗಲೂ ಕೆಲವು ರಾತ್ರಿ ಆ ಗ್ರೀಸಿನ ವಾಸನೆ ಬರುತ್ತದೆ. ಎದ್ದು ನಿಚ್ಚಣಿಕೆ ಹಾಕಿ ಕೂರುತ್ತೇನೆ.

ನೀವೆಲ್ಲ ದೆವ್ವಕ್ಕೆ ಹೆದರುವವರು. ಆ ರಾತ್ರಿ ಬಂದದ್ದು ದೆವ್ವವೇ ಅಂತ ಯಾರಾದರೂ ದೇವರಾಣೆ ಮಾಡಿ ಹೇಳಿದರೆ, ಅವರ ಕಾಲಿಗೆ ಬಿದ್ದು ನಾನು ನೆಮ್ಮದಿಯಿಂದ ಕಣ್ಣು ಮುಚ್ಚುತ್ತೇನೆ. ನನ್ನ ಹೆದರಿಕೆ ಬೇರೆ. ಅವನು ಬದುಕಿದ್ದರೆ?